ಮೂರು ತೂತಿನ ಆಪರೇಷನ್ನೂ ದೊಡ್ಡಪ್ಪನ ಅನುಮಾನವೂ

"ಶರ್ಟ್ ಬಿಚ್ಲಾ, ನೋಡವ" ಅಂದರು ದೊಡ್ಡಪ್ಪ. ಕೈಲಿದ್ದ ಬ್ರೆಡ್ಡು, ಮೋಸಂಬಿ ಇನ್ನೂ ಕೆಳಗಿಟ್ಟಿರಲಿಲ್ಲ.

ನ್ಯುಮೋನಿಯಾ ಆಗಿ ಎದೆಯೊಳಗೆ ಕೀವು ತುಂಬಿಕೊಂಡು, ಹಾಸನದಲ್ಲಿ ಕ್ಯಾಮೆರಾ ಬಿಟ್ಟು ಕ್ಲೀನ್ ಮಾಡಿಸಿಕೊಂಡು ಬಂದಿದ್ದೆ. ಪಕ್ಕೆಯಲ್ಲಿ ಮೂರು ಪುಟ್ಟ ತೂತು, ಅಷ್ಟೇ.

ದೊಡ್ಡಪ್ಪ ಅರಕಲಗೂಡಿನಿಂದ ಬಂದದ್ದು ಹೆಸರಿಗೆ ಮಾತ್ರ ನನ್ನನ್ನು ನೋಡೋಕೆ. ಅವರ ಶ್ವಾಸಕೋಶದಲ್ಲೇ ಒಂದು ಗಂಟಿತ್ತು. ತಡ ಮಾಡದೆ ತೆಗೆಸಿ, ಸಣ್ಣ ತೂತಲ್ಲೇ ಆಗುತ್ತೆ ಅಂತ ಡಾಕ್ಟರ್ ಹೇಳಿದ್ರೂ, "ಎದೆ ಸೀಳುಸ್ಕಳಕೆ ನಾನೇನ್ ಕುರಿಯಾ?" ಅಂತ ಕೂತಿದ್ದರು.

ನನ್ನ ಗಾಯ ನೋಡಿದರೆ ಧೈರ್ಯ ಬರುತ್ತೆ ಅಂತ ದೊಡ್ಡಮ್ಮನೇ ಎಳೆದುಕೊಂಡು ಬಂದಿದ್ದರು.

ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು.

"ಇಷ್ಟೇಯೇನ್ಲಾ? ಇಷ್ಟ್ ತೂತಲ್ಲಿ ಏನ್ ತೆಗ್ದಾರು? ನಿಂಗೆ ಟೋಪಿ ಆಕವ್ರೆ ಕಣ್ಲಾ!"

ದೊಡ್ಡದಾಗಿ ಕೊಯ್ದರೆ ಭಯ, ಚಿಕ್ಕದಾಗಿ ಕೊಯ್ದರೆ ಅನುಮಾನ... ಡಾಕ್ಟರಾದರೂ ಎಲ್ಲಿಂದ ಒಳಗೆ ಹೋಗಬೇಕು ಹೇಳಿ?

ನಮ್ಮ ಕಡೆ ಆಪರೇಷನ್ನಿಗೆ ಮರ್ಯಾದೆ ಸಿಗೋದೇ ಹೊಲಿಗೆ ಲೆಕ್ಕದಲ್ಲಿ. ಹೊಳೆನರಸೀಪುರದ ಸೋದರತ್ತೆಗೆ ಎದೆ ಪೂರ್ತಿ ಓಪನ್ ಮಾಡಿದ್ದಾಗ, ನೋಡೋಕೆ ಬಂದವರು ತಂದ ಬ್ರೆಡ್ಡು ಬೀದಿಗೆಲ್ಲ ಹಂಚುವಷ್ಟಿತ್ತು. ನನ್ನನ್ನು ನೋಡೋಕೆ ಬಂದವರು ಟೀ ಕುಡಿದು, ನನ್ನ ಕೈಲೇ ಗೇಟ್ ಹಾಕಿಸಿ ಹೋಗ್ತಾರೆ.

ಕೆಮ್ಮಿದರೆ ಜೀವ ಹೋಗಿ ಬರುತ್ತೆ ಅಂದರೆ ನಂಬೋರಿಲ್ಲ.

"ನಡಿಯೇ, ಓಗವ" ಅಂತ ದೊಡ್ಡಪ್ಪ ಎದ್ದೇಬಿಟ್ಟರು. ನನಗೆ ನಿಜಕ್ಕೂ ಹೆದರಿಕೆ ಆಯ್ತು. ಈ ಮೊಂಡುತನದಲ್ಲಿ ಗಂಟು ಬೆಳೆದರೆ...

ಅಲ್ಲಿವರೆಗೂ ಸುಮ್ಮನೆ ಮೋಸಂಬಿ ಸುಲಿಯುತ್ತಿದ್ದ ದೊಡ್ಡಮ್ಮ ತಲೆ ಎತ್ತದೆ ಕೇಳಿದರು, "ಅಲ್ಲಾ, ಬೋರ್ ಕೊರ್ಸುವಾಗ ತ್ವಾಟನೆಲ್ಲ ಅಗಸುದ್ರಾ? ಆ ಒಂದ್ ತೂತಲ್ಲೇ ತಾನೆ ನೀರ್ ಬಂದಿದ್ದು?"

ದೊಡ್ಡಪ್ಪ ಬಾಗಿಲಲ್ಲೇ ನಿಂತರು. ವಾಪಸ್ ಬಂದು ಕೂತು, "ಇನ್ನೊಂದ್ಸಲ ತೋರ್ಸ್ಲಾ" ಅಂದರು. ಈ ಸಲ ಒಂದೊಂದೇ ತೂತನ್ನು ಬೆರಳು ತೋರಿಸಿ ಎಣಿಸಿದರು.

ಆಪರೇಷನ್ ಆಯ್ತು. ಗಂಟು ಹೊರಗೆ ಬಂತು, ದೊಡ್ಡಪ್ಪ ಮನೆಗೆ ಬಂದರು.

ಈಗ ನೋಡೋಕೆ ಹೋದವರಿಗೆಲ್ಲ ಕೇಳದಿದ್ದರೂ ಬನಿಯನ್ ಎತ್ತಿ ತೋರಿಸ್ತಾರೆ. "ನಂದು ನಾಕ್ ತೂತು ಕಣ. ಅವುಂದು ಬರೀ ಮೂರು."

ಅನುಮಾನ ಹೋಗಿ ಪೈಪೋಟಿ ಶುರುವಾಗಿದೆ. ಪೈಪೋಟಿಗೆ ಅವರು ಇದ್ದಾರಲ್ಲ, ನನಗೆ ಅಷ್ಟು ಸಾಕು.

ನಿಮ್ಮ ಮನೆಗೂ ಹೊಲಿಗೆ ಎಣಿಸಿ ಬ್ರೆಡ್ ತರೋ ನೆಂಟರು ಬರ್ತಾರಾ?