‘ಅತೃಪ್ತಿಕರ’ವನ್ನು ಅಳಿಸಿದ ಸ್ಲೈಡಕ್ಕ

ಹೆಂಗಸರ ಆರೋಗ್ಯದ ಮಾತು ಬಂದಾಗ ಹೆರಿಗೆ ಮಾಡಿಸಿದ ವೈದ್ಯರನ್ನು ಎಲ್ಲರೂ ನೆನೆಯುತ್ತಾರೆ. ಸೂಕ್ಷ್ಮದರ್ಶಕದ ಮುಂದೆ ಕುತ್ತಿಗೆ ಬಗ್ಗಿಸಿ ಕುಳಿತು, ಗಾಜಿನ ಪಟ್ಟಿಯ ಮೇಲೆ ಸವರಿದ ಜೀವಕೋಶಗಳಲ್ಲಿ ಸೋಂಕು ಇದೆಯೋ ಇಲ್ಲವೋ ಎಂದು ಹೇಳುವವರು ಯಾರ ನೆನಪಿಗೂ ಬರುವುದಿಲ್ಲ. ಅಂಥ ಕೆಲಸವನ್ನು ಮೂವತ್ತೊಂದು ವರ್ಷ ಮಾಡಿ ಈ ತಿಂಗಳು ನಮ್ಮ ಪ್ರಯೋಗಾಲಯದಿಂದ ನಿವೃತ್ತರಾಗುತ್ತಿರುವ ಹಿರಿಯರನ್ನು ಊರಿನ ಹೆಂಗಸರು ‘ಸ್ಲೈಡಕ್ಕ’ ಎಂದೇ ಕರೆಯುತ್ತಾರೆ. ಈ ಅಭಿನಂದನಾ ಗ್ರಂಥದ ಸಂಪಾದಕರು ಗೌರವಪೂರ್ಣ ಸಂಬೋಧನೆ ಇರಲೆಂದು ಸೂಚಿಸಿದ್ದಾರೆ. ನನಗೆ ಇದಕ್ಕಿಂತ ಗೌರವದ್ದು ಗೊತ್ತಿಲ್ಲ.

ನಾನು ಅವರ ಬಳಿ ತರಬೇತಿಗೆ ಸೇರಿದಾಗ ಅವರ ಸೇವೆಗೆ ಒಂಬತ್ತು ವರ್ಷ ತುಂಬಿತ್ತು. ಪ್ರಯೋಗಾಲಯವೆಂದರೆ ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಒಂದು ಕೋಣೆ: ಒಂದು ಕಿಟಕಿ, ಎರಡು ಸೂಕ್ಷ್ಮದರ್ಶಕ, ಬಣ್ಣ ಹಿಡಿದು ನೀಲಿಯಾದ ಸಿಂಕು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಮೊದಲ ದಿನವೇ ಅವರು ಹೇಳಿದ್ದರು: “ನೋಡಮ್ಮ, ಸವರಿದ ತಕ್ಷಣ ಸ್ಲೈಡನ್ನ ಸ್ಪಿರಿಟ್‌ನಲ್ಲಿ ಮುಳುಗಿಸಬೇಕು. ಗಾಳಿಗೆ ಒಣಗಿದ್ರೆ ಮುಗೀತು, ಏನೂ ಕಾಣಲ್ಲ.” ನಾನು ಹೂಂಗುಟ್ಟಿದೆ. ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗಿತ್ತು.

ಆ ವರ್ಷ ಊರಾಚೆಯ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೊದಲ ತಪಾಸಣಾ ಶಿಬಿರ ನಡೆಯಿತು. ನಾಚಿಕೆ, ಹೆದರಿಕೆ, ಗಂಡಂದಿರ ಗೊಣಗಾಟ ಎಲ್ಲವನ್ನೂ ದಾಟಿ ಇಪ್ಪತ್ಮೂರು ಹೆಂಗಸರು ಪರದೆಯ ಹಿಂದೆ ಹೋಗಲು ಒಪ್ಪಿದ್ದು ಸ್ಲೈಡಕ್ಕನ ನಾಲ್ಕು ತಿಂಗಳ ದುಡಿಮೆಯ ಫಲ. ಶಿಬಿರದ ದಿನ ಮಾತ್ರ ಅವರ ತಾಯಿಗೆ ಹುಷಾರಿಲ್ಲದೆ ರಜೆ ಹಾಕಬೇಕಾಯಿತು. ನರ್ಸಮ್ಮ ಪರದೆಯ ಹಿಂದೆ ಮಾದರಿ ತೆಗೆದು ಸವರಿದ ಸ್ಲೈಡು ಕೊಡುವುದು, ನಾನು ಮುಳುಗಿಸುವುದು, ಇಷ್ಟೇ ಕೆಲಸ. ಅಚ್ಚುಕಟ್ಟಿನಲ್ಲಿ ನನ್ನನ್ನು ಮೀರಿಸಿದವರಿಲ್ಲವೆಂಬ ಜಂಬದಲ್ಲಿ ನಾನು ಅವನ್ನು ನಂಬರಿನ ಪ್ರಕಾರ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಎಲ್ಲವನ್ನೂ ಒಟ್ಟಿಗೆ ಮುಳುಗಿಸೋಣವೆಂದು ಕಾದೆ. ಮೇಲೆ ಫ್ಯಾನು ತಿರುಗುತ್ತಿತ್ತು.

ಇಪ್ಪತ್ಮೂರೂ ಹಾಳಾದವು. ಓದಲಾಗದ ಸ್ಲೈಡಿಗೆ ನಮ್ಮ ನಮೂನೆಯಲ್ಲಿ ಅಚ್ಚಾಗಿದ್ದ ಪದ ‘ಅತೃಪ್ತಿಕರ’. ಹೆಂಗಸರ ಹೆಸರಿನ ಎದುರಿಗೇ ಆ ಪದಕ್ಕೆ ಗುರುತು ಹಾಕಿ, ಇಪ್ಪತ್ಮೂರು ವರದಿಗಳನ್ನೂ ಕಾರ್ಖಾನೆಗೆ ಕಳುಹಿಸಿಬಿಟ್ಟೆ.

ಮರುದಿನ ಕಾಲರ್ ಹೊಲಿಯುವ ಒಬ್ಬ ಹೆಂಗಸು ವರದಿ ಹಿಡಿದು ಬಂದಳು. “ಯಾರ್ರೀ ಇದನ್ನ ಬರ್ದಿದ್ದು? ಮೂರು ಮಕ್ಕಳನ್ನ ಹೆತ್ತಿದ್ದೀನಿ, ದಿನಕ್ಕೆ ಇನ್ನೂರು ಕಾಲರ್ ಹೊಲೀತೀನಿ, ನಾನು ಅತೃಪ್ತಿಕರನಾ? ನಮ್ಮತ್ತೆ ಕೂಡ ಇಂಥ ಮಾತು ಆಡಿಲ್ಲ!” ನಾಲ್ಕು ವರ್ಷದಿಂದ ಬಿಳಿಸೆರಗಿನಿಂದ ನರಳುತ್ತಾ ಯಾರಿಗೂ ಹೇಳದೆ, ಅಂದು ಮೊದಲು ಪರದೆಯ ಹಿಂದೆ ಹೋದವಳು ಅವಳೇ. ಇನ್ನು ಈ ಕಡೆ ತಲೆಯಿಟ್ಟೂ ಮಲಗುವುದಿಲ್ಲ, ಉಳಿದವರೂ ಬರುವುದಿಲ್ಲ ಎಂದು ಹೇಳಿ ಹೊರಟುಹೋದಳು. ನನ್ನ ಕೆಲಸ ಹೋಯಿತೆಂದು ಅಳುತ್ತಾ ಕುಳಿತೆ. ಅವಳ ಕಾಯಿಲೆ ಹಾಗೇ ಉಳಿಯಿತೆಂಬ ಸಂಕಟ ಆಮೇಲೆ ಬಂತು. ಹೇಳಿಕೊಳ್ಳಲು ನಾಚಿಕೆಯಾದರೂ ಬಂದದ್ದು ಅದೇ ಕ್ರಮದಲ್ಲಿ.

ರಜೆ ಮುಗಿಸಿ ಬಂದ ಸ್ಲೈಡಕ್ಕ ಎಲ್ಲವನ್ನೂ ಕೇಳಿ, “ಊಟ ಮಾಡಿದ್ಯಾ? ಮೊದಲು ಮಾಡು, ಆಮೇಲೆ ಹೋಗೋಣ” ಎಂದರು. ಕಾರ್ಖಾನೆಯ ಊಟದ ಬಿಡುವಿನಲ್ಲಿ ಬಟ್ಟೆಯ ಮೂಟೆಗಳ ನಡುವೆ ನಿಂತು ಹೇಳಿದರು: “ನಾವು ಸ್ಲೈಡ್ ಒಣಗಿಸಿಬಿಟ್ವಿ. ತಪ್ಪು ನಮ್ಮದು. ಮತ್ತೆ ಬನ್ನಿ.” ‘ಈ ಹುಡುಗಿ’ ಎನ್ನಲಿಲ್ಲ, ‘ನಾವು’ ಎಂದರು. ಆ ಒಂದು ಪದದ ಋಣ ನನ್ನ ಮೇಲೆ ಇನ್ನೂ ಇದೆ.

ಕಾಲರಿನವಳು ಸುಮ್ಮನೆ ಬಿಡಲಿಲ್ಲ. “ಅದಿರ್ಲಿ ಮೇಡಂ, ನೀವು ಯಾವತ್ತಾದ್ರೂ ಆ ಪರದೆ ಹಿಂದೆ ಮಲಗಿದ್ದೀರಾ?”

ಸಾವಿರಾರು ಹೆಂಗಸರ ಸ್ಲೈಡು ನೋಡಿದ್ದ ಅವರು “ಇಲ್ಲ ಕಣಮ್ಮ” ಎಂದರು.

ಅಂದು ಮಧ್ಯಾಹ್ನವೇ ಅವರು ನಮ್ಮ ಆಸ್ಪತ್ರೆಯಲ್ಲಿ ಪರದೆಯ ಹಿಂದೆ ಮಲಗಿದರು. ನರ್ಸಮ್ಮನ ಕೈಯಿಂದ ಸ್ಲೈಡು ಕಿತ್ತುಕೊಂಡವಳಂತೆ ನಾನು ಅದನ್ನು ಸ್ಪಿರಿಟ್ಟಿಗೆ ಇಳಿಸಿದೆ. ಬಣ್ಣ ಹಾಕಿದ ಮೇಲೆ ಅವರು ತಮ್ಮ ಸ್ಟೂಲನ್ನು ನನಗೆ ಬಿಟ್ಟುಕೊಟ್ಟು, “ನಂದು ನಾನೇ ನೋಡ್ಕೋಬಾರದು, ನೀನು ನೋಡು” ಎಂದರು. ಜೀವಕೋಶಗಳ ನಡುವೆ ಗೆಣ್ಣುಗೆಣ್ಣಾದ ನಸುಗೆಂಪು ಎಳೆಗಳು ಕಂಡವು: ಶಿಲೀಂಧ್ರದ ಸೋಂಕು. ಗುರುವಿನ ಸ್ಲೈಡಿನಲ್ಲಿ! ನಾನು ತಡವರಿಸಿದೆ. “ಇದ್ದದ್ದು ಇದ್ದಂಗೆ ಬರಿ” ಎಂದರು. ಬರೆದೆ. ಮಹಡಿಯ ಮೇಲಿನ ವೈದ್ಯರು ಪರೀಕ್ಷಿಸಿ ಸರಿಯೆಂದು ಸಹಿ ಹಾಕಿದರು. ಆರು ತಿಂಗಳಿಂದ ಇದ್ದ ತುರಿಕೆಗೆ ಸೋಪಿನ ಮೇಲೆ ಗೂಬೆ ಕೂರಿಸಿ ಸ್ಲೈಡಕ್ಕ ಮೂರು ಸಲ ಸೋಪು ಬದಲಾಯಿಸಿದ್ದರಂತೆ.

ಆ ವರದಿಯನ್ನು ಹಿಡಿದೇ ಅವರು ಕಾರ್ಖಾನೆಗೆ ಹೋದರು. “ನನಗೂ ಇದೆ ಕಣ್ರಮ್ಮ. ಆರು ದಿನದ ಮಾತ್ರೆ ಕೊಟ್ಟಿದ್ದಾರೆ. ಈಗ ಬರ್ತೀರಾ?” ಹೊಲಿಗೆ ಯಂತ್ರಗಳ ಸದ್ದನ್ನೂ ಮೀರಿ ನಗು ಎದ್ದಿತು. ಇಪ್ಪತ್ಮೂರು ಜನರೂ ಬಂದರು, ಜೊತೆಗೆ ಇನ್ನೂ ಒಂಬತ್ತು ಜನ. ಕಾಲರಿನವಳ ಸ್ಲೈಡಿನಲ್ಲಿ ಗಂಡನಿಗೂ ಔಷಧಿ ಬೇಕಾಗುವಂಥ ಸೋಂಕು ಸಿಕ್ಕಿತು. ಅವಳು ಮಾರನೆಯ ದಿನವೇ ಆತನನ್ನು ದರದರ ಎಳೆದುಕೊಂಡು ಬಂದಳು. ನಾಲ್ಕು ವರ್ಷದ ಕಾಟ ಒಂದು ವಾರದ ಮಾತ್ರೆಗೆ ಇಳಿಯಿತು. ಆಕೆ ನಗುತ್ತಾ ಬಂದು ಅದನ್ನು ಹೇಳಿದ ದಿನ ನನಗಾದಷ್ಟು ಸಂತೋಷ ನನ್ನ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ. ಇದನ್ನೆಲ್ಲ ಬರೆಯಲೇ ಎಂದು ಸ್ಲೈಡಕ್ಕನನ್ನು ಕೇಳಿದರೆ, “ಇಡೀ ಕಾರ್ಖಾನೆಗೆ ಗೊತ್ತಿರೋದು, ಪುಸ್ತಕಕ್ಕೆ ಗೊತ್ತಾದ್ರೆ ಏನಂತೆ” ಎಂದರು.

ಅನಂತರ ಅವರು ಈ ಕೆಲಸಕ್ಕೆ ನನ್ನಂಥ ಹನ್ನೊಂದು ಜನರನ್ನು ತಯಾರು ಮಾಡಿದರು, ಲೆಕ್ಕವಿಲ್ಲದಷ್ಟು ಶಿಬಿರ ನಡೆಸಿದರು. ನಮೂನೆಯ ಆ ಪದಕ್ಕಾಗಿ ಎರಡು ವರ್ಷ ಕಚೇರಿಗಳನ್ನು ಸುತ್ತಿ, ಮೂವರು ಮೇಲಧಿಕಾರಿಗಳ ತಲೆ ತಿಂದು, ಕೊನೆಗೂ ಅದನ್ನು ತೆಗೆಸಿದರು. ಈಗ ಅಲ್ಲಿ ಅಚ್ಚಾಗಿರುವುದು ಅಂದು ಮೂಟೆಗಳ ನಡುವೆ ನಿಂತು ಅವರು ಆಡಿದ ಮಾತೇ.

ಸ್ಲೈಡಕ್ಕ ಆಯುರಾರೋಗ್ಯದಿಂದ ನೂರು ವರ್ಷ ಬಾಳಲಿ, ಶಿಬಿರಗಳಲ್ಲಿ ಅವರ ಮಾತೂ ನಗುವೂ ಹೀಗೇ ಕೇಳುತ್ತಿರಲಿ ಎಂದು ಮನಸಾರೆ ಹಾರೈಸುತ್ತೇನೆ. ಅವರ ನಿವೃತ್ತಿ ಆದೇಶ ಅವರ ಕೈ ಸೇರುವ ಮುನ್ನ, ತಲುಪಿಸಲೆಂದು ನನ್ನ ಮೇಜಿಗೆ ಬಂದಿದೆ. ಕಚೇರಿಯವರು ಬೈದರೆ ಬೈಯಲಿ ಎಂದು, ಸ್ಲೈಡಿಗೆ ನಂಬರು ಹಾಕುವ ಪೆನ್ಸಿಲಿನಲ್ಲೇ ಅದರ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: ತಪ್ಪು ನಮ್ಮದು. ಮತ್ತೆ ಬನ್ನಿ.