ಓಟಗಾರ ಸತ್ತ ಭಾನುವಾರ

ಆ ಭಾನುವಾರದ ಬಗ್ಗೆ ನನ್ನ ಡೈರಿಯಲ್ಲಿರುವುದು ಇಷ್ಟೇ: ‘ಅವನ ಓಟಗಾರ ಸತ್ತ. ಡಾಕ್ಟರ್ ಮೊದಲರ್ಧದಲ್ಲೇ ಮುಗಿದಿದ್ದ.’ ಅಕ್ಷರ ನನ್ನದೇ. ಎರಡನೇ ವಾಕ್ಯ ನಿಜವೋ ಅಲ್ಲವೋ ಹೇಳಲಾರೆ.

ಎರಡು ಸಾವಿರ ಇಸವಿ ದಾಟಿದ ಹೊಸತು. ಗದಗದ ಕಡೆಯಿಂದ ಬೆಂಗಳೂರಿಗೆ ಬಂದು ಬಿಟಿಎಂ ಬಡಾವಣೆಯಲ್ಲಿ ರೂಮು ಹಿಡಿದಿದ್ದ ಗೆಳೆಯನಿಗೆ, ಆಫೀಸು ಬಿಟ್ಟು ಹೋದವರೊಬ್ಬರು ಒಂದು ಬೋರ್ಡ್ ಗೇಮ್ ಕೊಟ್ಟಿದ್ದರು. ಫುಟ್‌ಬಾಲಿನಂಥ ಆಟ; ಆಡುವವರು ಮಾತ್ರ ಹೆಬ್ಬೆರಳೆತ್ತರದ ಗೊಂಬೆಗಳು: ಕುಳ್ಳರು, ರಾಕ್ಷಸರು, ಚೂಪು ಕಿವಿಯವರು. ಚೆಂಡನ್ನು ಎದುರಾಳಿಯ ಕೊನೆಯ ಸಾಲಿಗೆ ಮುಟ್ಟಿಸಬೇಕು. ದಾರಿಯಲ್ಲಿ ಯಾರನ್ನು ಬೇಕಾದರೂ ಕೆಡವಬಹುದು. ದಾಳ ಕೆಟ್ಟರೆ ಬಿದ್ದವನು ಸಾಯುತ್ತಾನೆ, ಸತ್ತವನು ಮುಂದಿನ ಪಂದ್ಯಗಳಿಗೂ ಇಲ್ಲ. ಪಂದ್ಯಕ್ಕೊಮ್ಮೆ ಡಾಕ್ಟರನ್ನು ಕರೆದು ಒಬ್ಬನನ್ನು ಉಳಿಸಿಕೊಳ್ಳಬಹುದು.

ನಿಯಮದ ಪುಸ್ತಕಕ್ಕೇ ಮೂರು ಭಾನುವಾರ ಹೋದವು. ನಾನು ಗಟ್ಟಿಯಾಗಿ ಓದುವುದು, ಅವನು ಗೊಂಬೆ ಸರಿಸಿ ನೋಡುವುದು. ನಾನು ಕಾಲೇಜಿನಲ್ಲಿ ಪಾಠ ಮಾಡುವವನಾದ್ದರಿಂದ, ನಿಯಮದಲ್ಲಿ ಅನುಮಾನ ಬಂದಲ್ಲೆಲ್ಲ ನನ್ನ ಮಾತೇ ಕೊನೆ.

ಅವನ ಪ್ರಾಣವೆಲ್ಲ ಚೂಪು ಕಿವಿಯ ಒಬ್ಬ ಓಟಗಾರನ ಮೇಲೆ. ವಾರಗಟ್ಟಲೆ ಕೂತು ಬಣ್ಣ ಬಳಿದಿದ್ದ. ಎರಡು ವರ್ಷದ ಪಂದ್ಯಗಳಲ್ಲಿ ಅನುಭವದ ಅಂಕಗಳು ಸೇರಿ ಸೇರಿ ಆ ಗೊಂಬೆ ಯಾರ ಕೈಗೂ ಸಿಗದಂತಾಗಿತ್ತು. “ಆಫೀಸ್‌ನಾಗ ನನಗಂತೂ ಪ್ರಮೋಷನ್ ಇಲ್ಲ, ಇವಗರ ಆಗ್ಲಿ” ಎನ್ನುತ್ತಿದ್ದ.

ಆ ದಿನ ನನಗೆ ಆಟ ಬೇಡವಾಗಿತ್ತು. ತಲಘಟ್ಟಪುರದ ನನ್ನ ಮನೆಗೆ ಎರಡು ಬಸ್ಸು ಬದಲಿಸಬೇಕು, ಅಲ್ಲಿ ತಿದ್ದದ ಉತ್ತರಪತ್ರಿಕೆಗಳು. ಸಂಜೆ ಐದರ ಹೊತ್ತಿಗೆ ನನ್ನ ಕುಳ್ಳನೊಬ್ಬ ಓಟಗಾರನನ್ನು ಕೆಡವಿದ. ದಾಳ ಹಾಕಿದೆ. ಸಾವು ಬಿತ್ತು.

ಅವನು ಗೊಂಬೆ ಮುಟ್ಟದೆ ನನ್ನ ಮುಖ ನೋಡಿದ. “ನನ್ನ ಡಾಕ್ಟರ್ ಇನ್ನೂ ಅದಾನಲ್ಲ?”

“ಫಸ್ಟ್ ಹಾಫಲ್ಲೇ ಕರೆದ್ಯಲ್ಲೋ. ಮುಗೀತು.”

ಮೊದಲರ್ಧದಲ್ಲಿ ಅವನ ಬೇರೊಬ್ಬ ಆಟಗಾರ ಬಿದ್ದಿದ್ದು ನಿಜ. ಅವನಿಗಾಗಿ ಡಾಕ್ಟರನ್ನು ಕರೆದನೋ, ‘ಇವ ಹೋದ್ರ ಹೋಗ್ಲಿ’ ಎಂದು ಸುಮ್ಮನಾದನೋ? ಎರಡೂ ಚಿತ್ರ ಸ್ಪಷ್ಟವಾಗಿ ಬರುತ್ತವೆ. ಎರಡರಲ್ಲೂ ಚಹಾದ ಲೋಟ ಒಂದೇ ಜಾಗದಲ್ಲಿದೆ. ಅನುಮಾನವಿಲ್ಲದೆ ನೆನಪಿರುವುದು, ಆಟ ಮುಗಿದರೆ ಸಾಕೆನಿಸಿದ್ದು ಮಾತ್ರ.

ಅವನು ರಬ್ಬರ್ ತೆಗೆದುಕೊಂಡು ತಂಡದ ಹಾಳೆಯಿಂದ ಓಟಗಾರನ ಸಾಲನ್ನು ಅಳಿಸಿದ. ಕಾಗದ ತೆಳ್ಳಗಾಗುವವರೆಗೆ ಅಳಿಸಿದ. ಆಮೇಲೆ ಮೂರು ವಾರ ಆಡಿದೆವು, ನಾಲ್ಕನೇ ವಾರ ಅವನು ಕರೆಯಲಿಲ್ಲ. ಕೆಲಸ ಜಾಸ್ತಿಯಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಕೆಲವು ವರ್ಷಗಳ ನಂತರ ಪುಟ್ಟೇನಹಳ್ಳಿ ಕೆರೆಯ ಬಳಿ ಸಿಕ್ಕಿದ. ಜೊತೆಗೆ ನಡೆಯುತ್ತ, ಅವತ್ತು ಮೊದಲರ್ಧದಲ್ಲಿ ಡಾಕ್ಟರನ್ನು ಕರೆದಿದ್ದೆಯಾ ಎಂದು ಕೇಳಿಯೇಬಿಟ್ಟೆ.

“ಕರೆದಿರ್ಲಿಲ್ಲ,” ಅಂದ. “ಅವತ್ತೇ ಗೊತ್ತಿತ್ತು ನನಗ.”

“ಮತ್ತೆ ಯಾಕೋ ಸುಮ್ನಿದ್ದೆ?”

“ನಿನ್ನ ಕೂಡ ವಾದಾ ಮಾಡೋ ಶಕ್ತಿ ಇರ್ಲಿಲ್ಲಪಾ. ವಾರಪೂರ್ತಿ ಆಫೀಸ್‌ನಾಗ ಅದ ಮಾಡ್ತಿದ್ದೆ. ಭಾನುವಾರನೂ ಅದ ಆದ್ರ ಹೆಂಗ?”

ಮೊಣಕಾಲು ನೋವೆಂದು ಅವನು ಕಲ್ಲುಬೆಂಚಿನ ಮೇಲೆ ಕೂತ. ನಾನೂ ಕೂತೆ. ಅವನು ಹೇಳಿದ್ದು ನೆನಪೋ, ಇಷ್ಟು ವರ್ಷದಲ್ಲಿ ಹೆಪ್ಪುಗಟ್ಟಿದ ಮುನಿಸೋ ಎಂದು ಆಗಲೂ ಒಳಗೊಳಗೇ ತೂಗುತ್ತಿದ್ದೆ. ಹಾಗೆ ತೂಗುತ್ತಿರುವುದಕ್ಕೆ ನಾಚಿಕೆಯಾಗಿ, ತಪ್ಪಾಯಿತು ಎಂದೆ. ಅವನು ತಲೆಯಾಡಿಸಿದ. ಮತ್ತೆ ಆಡೋಣವೇ ಎಂದು ಇಬ್ಬರೂ ಕೇಳಲಿಲ್ಲ.