ರೇಡಿಯೋ ಅಜ್ಜ ಕೊಟ್ಟ ಜಾಮೀನು

ಟಿವಿಯಲ್ಲಿ ನೀವು ನನ್ನನ್ನು ನೋಡಿರುತ್ತೀರಿ, ಗುರುತು ಮಾತ್ರ ಇರಲಿಕ್ಕಿಲ್ಲ. ನಾಯಕಿ ಪ್ರಜ್ಞೆ ತಪ್ಪಿ ಬಿದ್ದಾಗ, ಇಪ್ಪತ್ನಾಲ್ಕು ತಾಸು ಏನೂ ಹೇಳಲಿಕ್ಕೆ ಬರುವುದಿಲ್ಲ ಎಂದು ಕನ್ನಡಕ ತೆಗೆಯುವ ಡಾಕ್ಟರ್ ನಾನೇ. ತಾಳಿ ಕಟ್ಟುವ ಹೊತ್ತಿಗೆ ಯಾರೋ "ನಿಲ್ಲಿಸಿ" ಎಂದಾಗ ಬಾಯಿ ತೆರೆದುಕೊಂಡು ಕೂಡುವ ಪುರೋಹಿತನೂ ನಾನೇ. ಒಂದು ಧಾರಾವಾಹಿಯಲ್ಲಂತೂ ಎರಡನೇ ಕಂತಿಗೇ ಸತ್ತು, ಮುಂದೆ ಮೂರು ವರ್ಷ ಹಾರ ಹಾಕಿಸಿಕೊಂಡು ಗೋಡೆಗೆ ತೂಗಾಡಿದೆ. ಮೊನ್ನೆ ನರಗುಂದದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನನ್ನನ್ನು ಬಹಳ ಹೊತ್ತು ದಿಟ್ಟಿಸಿ, ನೀವು ತಾಲೂಕು ಕಚೇರಿಯಲ್ಲಿದ್ದಿರಲ್ಲವೇ ಎಂದು ಕೇಳಿದರು. ಹೌದು ಎಂದೆ. ಪಾಪ, ಅವರ ಖುಷಿ ಯಾಕೆ ಕೆಡಿಸಬೇಕು?

ಮುಖದ ಕತೆ ಇಷ್ಟು. ಧ್ವನಿಗೆ ಮಾತ್ರ ಒಂದು ಕಾಲದಲ್ಲಿ ಹೆಸರಿತ್ತು. ಇಪ್ಪತ್ತಾರು ವರ್ಷಕ್ಕೆ ರೇಡಿಯೋ ನಾಟಕದಲ್ಲಿ ನಾಯಕನಾಗಬೇಕೆಂದು ಧ್ವನಿ ಪರೀಕ್ಷೆಗೆ ಹೋದೆ. ನನ್ನ ಹಣೆಬರಹ, ಅವತ್ತೇ ನೆಗಡಿಯಾಗಿ ಗಂಟಲು ಹಿಡಿದಿತ್ತು. ಪ್ರೇಮದ ಮಾತು ಅರ್ಧ ಹೇಳುವುದರೊಳಗೆ ಗಾಜಿನ ಆಚೆ ಕೂತವರು ಕೈಯೆತ್ತಿ, ಸಾಕು, ನಮಗೆ ಅಜ್ಜ ಸಿಕ್ಕ ಎಂದರು. ರೈತರ ಕಾರ್ಯಕ್ರಮದಲ್ಲಿ ಪ್ರತಿ ಸಂಜೆ ಬೆಳೆಯ ವಿಷಯ ಹೇಳುವ ಹಳ್ಳಿಯ ಅಜ್ಜ ಅಂದಿನಿಂದ ನಾನಾದೆ. ನೆಗಡಿ ಎಂಟು ದಿನಕ್ಕೆ ಹೋಯಿತು, ಅಜ್ಜ ಹೋಗಲಿಲ್ಲ. ಆ ಒಡಕು ಧ್ವನಿ ಮತ್ತೆ ತರಿಸಲಿಕ್ಕೆ ನಾನು ಕಂಡುಕೊಂಡ ಉಪಾಯ ಮಿರ್ಚಿ ಭಜಿ. ರೆಕಾರ್ಡಿಂಗಿಗೆ ಮೊದಲು ಬಿಸಿಬಿಸಿ ನಾಲ್ಕು ತಿಂದು, ನೀರು ಕುಡಿಯದೆ ಒಳಗೆ ಹೋಗುವುದು. ಮೊದಲು ಒಂದು ಕೆಮ್ಮು ಬರುತ್ತಿತ್ತು, ಅದರ ಹಿಂದೆ ಎಪ್ಪತ್ತೈದರ ಅಜ್ಜ ಬರುತ್ತಿದ್ದ.

ಆ ಅಜ್ಜನಿಗೆ ಒಕ್ಕಲುತನ ಏನು ಗೊತ್ತಿತ್ತು ಅಂತೀರಿ? ನಮ್ಮದು ನರಗುಂದದ ಪೇಟೆಯಲ್ಲಿ ಕಾಳಿನ ಅಂಗಡಿ. ಕಡಲೆಯಾಗಲಿ ಹೆಸರಾಗಲಿ, ಚೀಲದೊಳಗೆ ಬಂದ ಮೇಲೆ ನನಗೆ ಪರಿಚಯ. ಹೊಲದಲ್ಲಿ ಹಸಿರಾಗಿ ನಿಂತರೆ ಎಲ್ಲ ಒಂದೇ. ಬೇರೆಯವರು ಬರೆದುಕೊಟ್ಟದ್ದನ್ನು ಓದಿ ಬರುತ್ತಿದ್ದೆ. ಒಮ್ಮೆ ಯಾವಗಲ್ ಊರಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು, ನಿನ್ನೆ ರೇಡಿಯೋ ಅಜ್ಜ ಹೇಳಿದ ಹಾಗೆ ಬೀಜೋಪಚಾರ ಮಾಡಬೇಕು ಎಂದು ಮಾತಾಡಿಕೊಂಡಾಗ ಮುಂದಿನ ಸ್ಟಾಪಿಗೇ ಇಳಿದುಬಿಟ್ಟೆ.

ಇಪ್ಪತ್ತೆಂಟನೇ ವಯಸ್ಸಿಗೆ ಗಜೇಂದ್ರಗಡಕ್ಕೆ ಕನ್ಯಾ ನೋಡಲು ಹೋದೆವು. ನಾನು, ನಮ್ಮ ಅಪ್ಪ, ಮಧ್ಯೆ ನಿಂತು ಸಂಬಂಧ ತಂದ ಸೋದರಮಾವ. ಉಪ್ಪಿಟ್ಟಿನ ಜೊತೆ ಮಿರ್ಚಿ ಬಂತು. ಹೆದರಿಕೆಯಲ್ಲಿ ಏನು ತಿನ್ನುತ್ತಿದ್ದೇನೆ ಎಂಬ ಖಬರಿಲ್ಲದೆ ರೂಢಿಯಂತೆ ನಾಲ್ಕನ್ನೂ ಮುಗಿಸಿದೆ. ಆಗಲೇ ಹುಡುಗಿಯ ಅಪ್ಪ ನನ್ನ ಕೆಲಸದ ಬಗ್ಗೆ ಕೇಳಿದರು. ಬಾಯಿ ತೆರೆದೆ. ಮೊದಲು ಕೆಮ್ಮು ಬಂತು, ಹಿಂದೆಯೇ ಅಜ್ಜ ಬಂದ.

ಒಳಗೆ ಪಾತ್ರೆಯ ಸಪ್ಪಳ ನಿಂತಿತು. ಹುಡುಗಿಯ ಆಯಿ, ಅಂದರೆ ಅಪ್ಪನ ತಾಯಿ, ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಎರಡೂ ಕಣ್ಣು ಕಾಣುತ್ತಿರಲಿಲ್ಲ. ದಿನಾ ಸಂಜೆ ರೇಡಿಯೋ ಕಿವಿಗೆ ಹಚ್ಚಿಕೊಂಡು ಕೂಡುವವರಂತೆ, ಅದು ನಮಗೆ ಆಮೇಲೆ ತಿಳಿದದ್ದು. ತಲೆಯ ಮೇಲೆ ಸೆರಗು ಎಳೆದುಕೊಂಡು ನನ್ನ ಕಡೆಗೆ ಕೈ ಮುಗಿದು, ಅಜ್ಜಾರು ನಮ್ಮ ಮನೆಗೆ ಬಂದರಲ್ಲ, ಪುಣ್ಯ ಎಂದರು. ಹುಡುಗನ ಕಡೆಯ ಹಿರಿಯರಾಗಿ ಆ ಅಜ್ಜನೇ ಬಂದಿದ್ದಾನೆಂದು ಅವರ ಲೆಕ್ಕ. ಅಲ್ಲೇ ನಾನು ನಿಜ ಹೇಳಬೇಕಿತ್ತು. ಆದರೆ ಜೀವನದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಗುರುತಿಸಿ ಕೈ ಮುಗಿದಿದ್ದರು. ಯಾವ ನಟ ಬಾಯಿ ಮುಚ್ಚಿಕೊಂಡು ಕೂತಾನು? ಆರಾಮ ಅದೀಯೇನವ್ವಾ ಎಂದು ಅಜ್ಜನ ಧ್ವನಿಯಲ್ಲೇ ಕೇಳಿಬಿಟ್ಟೆ.

ಆಯಿ ನನ್ನ ಎದುರಿಗೇ ಕೂತರು.

"ಅಜ್ಜಾರ, ನಿಮ್ಮ ಮಾತು ಅಂದ್ರ ಮಾತು. ಹುಡುಗ ಹ್ಯಾಂಗ ಅದಾನ್ರಿ? ಖರೇ ಹೇಳ್ರಿ."

ನಮ್ಮ ಅಪ್ಪ ತಲೆ ತಗ್ಗಿಸಿದರು. ಹುಡುಗಿಯ ಅಪ್ಪ ಟವೆಲ್ಲು ಬಾಯಿಗೆ ಒತ್ತಿಕೊಂಡರು. ಬಾಗಿಲ ಹಿಂದೆ ಬಳೆ ಸದ್ದಾಯಿತು. ನಾನು ಕೆಮ್ಮಿ, ಹುಡುಗ ಚಲೋ ಅದಾನವ್ವಾ, ಚಟಾ ಇಲ್ಲ, ನಿನ್ನ ಮೊಮ್ಮಗಳ ಕಣ್ಣಾಗ ನೀರ ತರಸೂದಿಲ್ಲ, ಅದಕ್ಕ ನಾ ಜಾಮೀನ ಎಂದೆ. ನನ್ನ ಬಗ್ಗೆ ನಾನೇ! ಥೂ, ಈಗಲೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಆಯಿ ಒಳಗೆ ತಿರುಗಿ ಸಕ್ಕರೆ ತರಲು ಹೇಳಿದರು.

ಹೀಗೆ ಅವರು ಹುಡುಗಿಯನ್ನು ಕೊಟ್ಟದ್ದು ಅಜ್ಜನ ಮಾತಿಗೆ, ನನ್ನ ಮುಖಕ್ಕಲ್ಲ. ಮದುವೆಯ ದಿನ ಅಜ್ಜಾರು ಯಾಕೆ ಬಂದಿಲ್ಲ ಎಂದು ಆಯಿ ಹಟ ಹಿಡಿದರು. ಬಾಸಿಂಗ ಕಟ್ಟಿಕೊಂಡವನು ಕಂಬದ ಹಿಂದಿನಿಂದ ಸುತ್ತಿ ಬಂದು, ಕೆಮ್ಮಿ, ನನ್ನ ಹೆಂಡತಿಗೂ ನನಗೂ ನಾನೇ ಆಶೀರ್ವಾದ ಮಾಡಿದೆ. ಇನ್ನು ಸಾಕು, ಹೇಳಿಬಿಡುತ್ತೇನೆ ಎಂದು ಹೆಂಡತಿಗೆ ಅಂದೆ. ಅವಳು ಬೇಡವೆಂದಳು. ಆಯಿಯ ವಾರಿಗೆಯವರೆಲ್ಲ ಹೋಗಿದ್ದಾರೆ, ಆ ಅಜ್ಜ ಒಬ್ಬನೇ ಉಳಿದಿದ್ದಾನೆ, ಅವನನ್ನೂ ಕಸಿಯಬೇಡಿ ಎಂಬುದು ಅವಳ ಮಾತು. ಆಮೇಲೆ ನಕ್ಕು, "ಜಾಮೀನು ನೀವ ಕೊಟ್ಟೀರಿ, ನೀವ ಅನುಭೋಗಸ್ರಿ," ಎಂದಳು.

ಅನುಭವಿಸಿದೆ, ಹನ್ನೊಂದು ವರ್ಷ. ರೋಣದ ಮೇಲೆ ಗಜೇಂದ್ರಗಡದ ಬಸ್ಸು ಹಿಡಿದು ಹೋದಾಗಲೆಲ್ಲ ಮೊದಲು ಅಳಿಯನಾಗಿ ಒಳಗೆ ಹೋಗುತ್ತಿದ್ದೆ. ಬರ್ರಿ, ಕೈಕಾಲು ತೊಳಕೊಳ್ರಿ ಎಂದು ಆಯಿ ಅನ್ನುವಲ್ಲಿಗೆ ನನ್ನ ಪಾಲಿನ ಮಾತು ಮುಗಿಯುತ್ತಿತ್ತು. ಅತ್ತೆ ಮಿರ್ಚಿ ಕರಿದುಕೊಡುತ್ತಿದ್ದರು. ಅರ್ಧ ತಾಸಿನ ಮೇಲೆ ಕೊಡೆ ಊರಿಕೊಂಡು, ಕೆಮ್ಮುತ್ತ, ಅಂಗಳದಿಂದ ಅಜ್ಜ ಬರುತ್ತಿದ್ದ. ಆಗ ನೋಡಬೇಕು ಆಯಿಯ ಮುಖ! ಮಂಡಿನೋವು, ಸೊಸೆಯ ಸಾರು, ಹಿಂದಿನ ಕಾಲದ ಮಳೆ, ಎಲ್ಲ ಮುಗಿದು ಕೊನೆಗೆ ವಿಷಯ ನನ್ನ ಮೇಲೇ ಬರುತ್ತಿತ್ತು. ನೀವು ಹೇಳಿದ್ರಂತ ಕೊಟ್ಟೇವ್ರಿ, ಹುಡುಗ ಒಂದು ಕಡೆ ನಿಲ್ಲುವುದಿಲ್ಲ, ಅಂಗಡಿ ಬಿಟ್ಟು ಬೆಂಗಳೂರಿಗೆ ಓಡುತ್ತಾನೆ ಎಂಬ ದೂರು. ನಾನು ನನ್ನ ಪರವಾಗಿ ವಾದ ಮಾಡುತ್ತಿದ್ದೆ, ಪ್ರತಿ ಸಲ ಸೋಲುತ್ತಿದ್ದೆ.

ರೇಡಿಯೋದವರು ಅಜ್ಜನ ಕಾರ್ಯಕ್ರಮ ನಿಲ್ಲಿಸಿದ ಮೇಲೆ ನಾನು ಟಿವಿಗೆ ಹೋಗಿದ್ದೆ. ಆಯಿಗೆ ನನ್ನ ಕೆಲಸ ತೋರಿಸಿಯೇ ಬಿಡಬೇಕೆಂದು ಒಂದು ಸಂಜೆ ಅವರನ್ನು ಧಾರಾವಾಹಿಯ ಮುಂದೆ ಕೂಡಿಸಿದೆ. ಅದೇ, ಹಾರ ಹಾಕಿದ ಫೋಟೋದ ಧಾರಾವಾಹಿ. ಅರ್ಧ ತಾಸು ಕಿವಿಗೊಟ್ಟು ಕೇಳಿ, ನೀವು ಎಲ್ಲಿ ಬಂದ್ರಿ ಎಂದು ಕೇಳಿದರು. ಗೋಡೆಯ ಮೇಲಿದ್ದೆ ಎಂದೆ. ಅವರು ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಮರುದಿನ ಅಜ್ಜನ ಮುಂದೆ ಮಾತ್ರ ಎಲ್ಲ ಅಂದರು.

ನನಗೆ ಬಹಳ ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ. ಪೇಪರಿನವರು, ನಿರ್ದೇಶಕರು ಯಾರೂ ಹೊಗಳದಿದ್ದರೂ ನಡೆದೀತು. ಅವತ್ತು ಕೊಟ್ಟ ಜಾಮೀನು ಸುಳ್ಳಾಗಲಿಲ್ಲ ಎಂದು ಆಯಿ ಒಮ್ಮೆ ಅಂದುಬಿಟ್ಟರೆ ಸಾಕಿತ್ತು. ಅವರ ಮೊಮ್ಮಗಳನ್ನು ಮೋಸದಿಂದ ತಂದೆ ಎಂಬ ಮುಳ್ಳು ನನ್ನೊಳಗೇ ಇತ್ತು.

ಆಯಿಗೆ ತೀರ ಸೀರಿಯಸ್ಸಾಗಿದೆ ಎಂದು ಹೆಂಡತಿಯ ಫೋನು ಬಂದಾಗ ನಾನು ಶೂಟಿಂಗಿನಲ್ಲಿ ಡಾಕ್ಟರಾಗಿದ್ದೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಗಜೇಂದ್ರಗಡ ಮುಟ್ಟಿದೆ. ದವಾಖಾನೆಯಿಂದ ಮನೆಗೆ ಕರೆತಂದಿದ್ದರು. ಮಂಚದ ಬದಿಗೆ ಕೂತ ಹೆಂಡತಿ, ಎರಡು ದಿನದಿಂದ ಅಜ್ಜಾರ್ನ ಕೇಳಾಕತ್ಯಾರ ಎಂದಳು. ಅವತ್ತು ಮಿರ್ಚಿ ಬೇಕಾಗಲಿಲ್ಲ. ದಾರಿಯುದ್ದಕ್ಕೂ ಗಂಟಲು ಕಟ್ಟಿಕೊಂಡೇ ಬಂದಿತ್ತು.

ಕೆಮ್ಮಿದೆ. ಬಂದೀನವ್ವಾ ಎಂದೆ. ಆಯಿ ಕೈ ಚಾಚಿದರು, ನಾನು ನನ್ನ ಕೈ ಕೊಟ್ಟೆ. ಅಷ್ಟು ವರ್ಷದಲ್ಲಿ ಅಜ್ಜನ ಕೈಯನ್ನು ಅವರು ಮುಟ್ಟಿದ್ದು ಅದೇ ಮೊದಲು. ಅವರ ಬೆರಳು ನನ್ನ ಉಂಗುರದ ಮೇಲೆ ಬಂದು ನಿಂತಿತು. ಮದುವೆಯಲ್ಲಿ ಅಳಿಯನಿಗೆಂದು ಅವರೇ ತಮ್ಮ ಕೈಯಾರೆ ತೊಡಿಸಿದ ಉಂಗುರ. ಅದನ್ನು ಮೆಲ್ಲಗೆ ಎರಡು ಸಲ ತಿರುಗಿಸಿದರು. ಗುಟ್ಟು ರಟ್ಟಾಯಿತು. ಕೈ ಬಿಡುತ್ತಾರೆ ಎಂದುಕೊಂಡೆ, ಬಿಡಲಿಲ್ಲ.

"ಅಜ್ಜಾರ, ಅವತ್ತ ನೀವು ಹೇಳಿದ್ದು ಖರೇ ಆತ್ರಿ. ಹುಡುಗ ಚಲೋ ಅದಾನ. ಅವಗ ಮಾತ್ರ ಹೇಳಬ್ಯಾಡ್ರಿ, ಸೊಕ್ಕ ಬರ್ತೈತಿ."

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಆಯೀ ಎಂದು ಜೋರಾಗಿ ಅತ್ತುಬಿಡಬೇಕಿತ್ತು, ಆದರೆ ಅವರು ಮಾತಾಡಿದ್ದು ಅಜ್ಜನ ಜೊತೆ.

"ಹೇಳೂದಿಲ್ಲವ್ವಾ," ಎಂದೆ, ಅಜ್ಜನ ಧ್ವನಿಯಲ್ಲೇ.

ಟಿವಿಯಲ್ಲಿ ಹೇಗೋ ಹಾಗೆ, ಅಲ್ಲಿಯೂ ನನ್ನ ಪಾಲಿಗೆ ಬಂದದ್ದು ಒಂದೇ ಮಾತು.